ಬೆಳ್ಳುಳ್ಳಿ ಇಲ್ಲದ ಮನೆ

ಮಾಳಮಡ್ಡಿಯ ಮಳಗಿಯವರ ಮನೆಯಲ್ಲಿ ಬೆಳ್ಳುಳ್ಳಿಯ ವಾಸನೆ ಬಂತು. ಇದು ಸಣ್ಣ ಸುದ್ದಿಯಲ್ಲ. ನಾಲ್ಕು ತಲೆಮಾರಿನಿಂದ ಆ ಮನೆಯ ಹೊಸ್ತಿಲನ್ನು ಬೆಳ್ಳುಳ್ಳಿ ದಾಟಿರಲಿಲ್ಲ. ಈರುಳ್ಳಿಯಾದರೂ ಬೀಗರು ಬಂದಾಗ ಹಿತ್ತಲ ಬಾಗಿಲಿನಿಂದ ನುಸುಳಿದ್ದುಂಟು. ಬೆಳ್ಳುಳ್ಳಿಗೆ ಹಿತ್ತಲ ಬಾಗಿಲಿನ ಮರ್ಯಾದೆಯೂ ಇರಲಿಲ್ಲ.

ವಾಸನೆಯನ್ನು ಮೊದಲು ಹಿಡಿದವರು ಯಜಮಾನ ಭೀಮರಾಯರು. ಎಪ್ಪತ್ತೆಂಟು ವರ್ಷದ ಅವರಿಗೆ ಕಣ್ಣು ಮಂದ, ಕಿವಿ ಇನ್ನೂ ಮಂದ. ಹೋದ ಶಕ್ತಿಯೆಲ್ಲ ಮೂಗಿಗೆ ಬಂದು ಸೇರಿತ್ತು. ದೇವರ ಮನೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಉಗ್ರಾಣಕ್ಕೆ ಮೂಗನ್ನು ಮುಂದೆ ಮಾಡಿಕೊಂಡು ಎರಡು ದಿನ ತಿರುಗಿದರು. ಡಬ್ಬಿಗಳ ಮುಚ್ಚಳ ತೆಗೆಸಿದರು. ಭಾಂಡೆ ತೊಳೆಯುವವಳ ಚೀಲವನ್ನೂ ಬಿಚ್ಚಿಸಿ, ಅವಳಿಂದ ಅನ್ನಿಸಿಕೊಳ್ಳಬೇಕಾದ್ದನ್ನು ಅನ್ನಿಸಿಕೊಂಡರು. ಮೂರನೆಯ ದಿನ ಅಪರಾಧಿಯ ಸುಳಿವು ಸಿಕ್ಕಿತು. ವಾಸನೆ ಬರುತ್ತಿದ್ದುದು ಅವರ ಹೆಂಡತಿ ತುಂಗಾಬಾಯಿಯ ಬಾಯಿಂದ.

"ಖರೇ ಹೇಳು. ಎಲ್ಲಿ ತಿಂದಿ?"

ತುಂಗಾಬಾಯಿ ಸೊಸೆಯ ಊಟದ ಡಬ್ಬಿ ಕಟ್ಟುತ್ತಿದ್ದರು. ಸಾರಿನ ಪಾತ್ರೆ ಒಲೆಯಿಂದ ಇಳಿದ ಕೂಡಲೇ ಮೊದಲ ಸೌಟು ಆ ಡಬ್ಬಿಗೆ. ಎಂಟೂವರೆಗೆ ಡಬ್ಬಿ ಹೊರಡಬೇಕು. ಅವರು ತಲೆ ಎತ್ತದೆ ಹೇಳಿದರು: "ಐವತ್ತೊಂದು ವರ್ಷ ಆತು ಈ ಮನಿಗೆ ಬಂದು. ಹೋಟೆಲಿನ ಚಹಾ ಸುದ್ದಾ ಕುಡದಾಕಿ ಅಲ್ಲ ನಾನು. ನಾ ಬಳ್ಳೊಳ್ಳಿ ತಿಂತೇನಿ? ಕೊಳತದ್ದು ನಿಮ್ಮ ಮೂಗು, ನನ್ನ ಬಾಯಿ ಅಲ್ಲ."

"ಅವ್ವಾ, ತಿಂದಿದ್ರ ತಿಂದಿ, ಹೇಳಿಬಿಡು," ಎಂದ ಮಗ ವಾದಿರಾಜ ಪೇಪರಿನ ಹಿಂದಿನಿಂದ. "ಹಾರ್ಟಿಗೆ ಛಲೋ ಅಂತಾರ ಡಾಕ್ಟರು. ಅಪ್ಪಗೂ ಒಂದೆರಡು ಎಸಳು ಕೊಡು, ಸಿಟ್ಟು ಇಳೀಲಿ."

ಎಲ್ಲರೂ ನಕ್ಕರು. ಡಬ್ಬಿಗಾಗಿ ಕಾಯುತ್ತ ನಿಂತಿದ್ದ ಸೊಸೆ ಕುಮುದಿನಿಯೂ ನಕ್ಕಳು. ಈ ನಗೆಯನ್ನು ಅವಳು ಮುಂದೆ ಬಹಳ ದಿನ ನೆನೆಸಿಕೊಳ್ಳಬೇಕಾಯಿತು. ಧಾರವಾಡದಲ್ಲಿ ಆ ವಾಸನೆಗೆ ನಗಬಾರದಾಗಿದ್ದ ಮನುಷ್ಯರು ಯಾರಾದರೂ ಇದ್ದರೆ ಅದು ಅವಳೊಬ್ಬಳೇ.

ಏಕೆಂದರೆ ಡಾಕ್ಟರ್ ಕುಮುದಿನಿ ಮಳಗಿ ಸೂಕ್ಷ್ಮಧಾತು ಸಂಶೋಧನಾ ಕೇಂದ್ರದಲ್ಲಿ ಕೂದಲು ವಿಭಾಗದ ಮುಖ್ಯಸ್ಥೆ. ಕ್ಷೌರದಂಗಡಿಯಲ್ಲೂ ಅಂಥ ವಿಭಾಗವಿರುತ್ತದೆ ಎಂದು ಗಂಡ ಹಾಸ್ಯ ಮಾಡುತ್ತಿದ್ದ. ಆದರೆ ಆ ಕೇಂದ್ರದ ಹೆಸರು ದೇಶಕ್ಕೆ ಗೊತ್ತಾದದ್ದೇ ಆ ವಿಭಾಗದಿಂದ.

ಅಲ್ಲಿ ಕೇಶಲೇಖಿ ಎಂಬ ಯಂತ್ರವಿತ್ತು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಬೆಳೆಯುವಾಗ ಆ ದಿನ ರಕ್ತದಲ್ಲಿ ಏನಿತ್ತೋ ಅದರ ಒಂದಿಷ್ಟನ್ನು ಒಳಗೆ ಇಟ್ಟುಕೊಳ್ಳುತ್ತದೆ. ಯಂತ್ರವು ಕೂದಲಿನ ಉದ್ದಕ್ಕೂ ಬೆಳಕಿನ ಸೂಜಿಯನ್ನು ಓಡಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕೆಗಳನ್ನು ಸುಟ್ಟು, ಆ ಹೊಗೆಯಲ್ಲಿನ ಧಾತುಗಳನ್ನು ತೂಗುತ್ತಿತ್ತು. ಒಂದು ಮಿಲಿಮೀಟರಿಗೆ ಮೂರು ದಿನ. ಮೊಳದುದ್ದದ ಜಡೆಯೆಂದರೆ ಸುಮಾರು ನಾಲ್ಕು ವರ್ಷದ ದಿನಚರಿ, ಬರೆದವರಿಗೇ ಗೊತ್ತಿಲ್ಲದ್ದು. ಯಂತ್ರ ನಡೆಸುವ ಶಕೀಲಾ ಸವಣೂರ ಮಾತ್ರ ಅದನ್ನು ಸುಡುಗಾಡ ಮಶೀನು ಎನ್ನುತ್ತಿದ್ದಳು. ಇಡೀ ದಿನ ಕೂದಲು ಸುಟ್ಟ ವಾಸನೆಯಲ್ಲಿ ಕೂತವರಿಗೆ ಅಷ್ಟು ಸ್ವಾತಂತ್ರ್ಯ ಇರಬೇಕು.

ಈ ಯಂತ್ರದ ಬಲದ ಮೇಲೆಯೇ ಮೇಧಾಪುಡಿ ಹುಟ್ಟಿದ್ದು. ಸತು, ಅಯೋಡಿನ್, ಸೆಲೆನಿಯಂ ಮೊದಲಾದ ಧಾತುಗಳು ಒಂದೆರಡು ಸಾಸಿವೆ ಕಾಳಿನ ತೂಕದಷ್ಟು ಸಾಕು, ಮಿದುಳು ಚುರುಕಾಗಿರುತ್ತದೆ, ಮುಪ್ಪಿನ ಮರೆವು ಹತ್ತು ವರ್ಷ ದೂರ ಹೋಗುತ್ತದೆ. ಇವುಗಳ ಸ್ವಭಾವ ಮಾತ್ರ ಬೀಗರದು: ಕಡಿಮೆಯಾದರೂ ಮುನಿಸು, ಹೆಚ್ಚಾದರೂ ಮುನಿಸು. ಕೇಂದ್ರದ ನಿರ್ದೇಶಕ ಡಾಕ್ಟರ್ ಹವಾಲ್ದಾರ ಲೆಕ್ಕ ಹಾಕಿ, ನಾಲ್ಕು ಜನರ ಮನೆಗೆ ದಿನಕ್ಕೆ ಒಂದು ನೀಲಿ ಪುಡಿಕೆ ಎಂದು ನಿಗದಿ ಮಾಡಿದರು. ಬಾಯಿಗೆ ಲೋಹದ ರುಚಿ ಬರದಂತೆ, ಒಲೆಯ ಕಾವಿಗೆ ಕೆಡದಂತೆ ಪ್ರತಿ ಕಣಕ್ಕೂ ಮೇಣದಂಥ ತೆಳುವಾದ ಹೊದಿಕೆ. ಹೊಟ್ಟೆಗೆ ಹೋದ ಮೇಲೆ ಬಿಚ್ಚಿಕೊಳ್ಳುತ್ತದೆ. ಕುದಿಯುವ ಸಾರಿಗೆ ಹಾಕಿ ಇಳಿಸಿದರೆ ಆಯಿತು. ಮೂರು ವರ್ಷದಿಂದ ಉತ್ತರದ ಜಿಲ್ಲೆಗಳ ಹನ್ನೊಂದು ಲಕ್ಷ ಮನೆಗಳ ಸಾರಿಗೆ ಅದು ಬೀಳುತ್ತಿತ್ತು.

ಮೂರು ವರ್ಷದ ಫಲಿತಾಂಶ ಬಂದಿತ್ತು. ಗಂಡಸರ ಮತ್ತು ಮಕ್ಕಳ ನೆನಪಿನ ಪರೀಕ್ಷೆಯ ಅಂಕ ಏರಿತ್ತು. ನಲವತ್ತು ದಾಟಿದ ಹೆಂಗಸರ ಅಂಕ ಇಳಿದಿತ್ತು.

"ಹೆಣ್ಣಿನ ದೇಹಾನಽ ಹಂಗ," ಎಂದರು ಹವಾಲ್ದಾರ, ತಮ್ಮ ಕೋಣೆಯಲ್ಲಿ. "ಪುಡಿಗೆ ಸ್ಪಂದನೆ ಕೊಡೂದಿಲ್ಲ. ನೋಡ್ರಿ, ಮನೆಗಳ ಕೂದಲಿನ ಸರಾಸರಿ ಎಷ್ಟು ಚಂದ ಬಂದದ! ನಾವು ಹೇಳಿದ್ದಕ್ಕೆ ಒಂದು ಕೂದಲೆಳಿಯಷ್ಟೂ ಫರಕಿಲ್ಲ. ಅಂದಮ್ಯಾಲೆ ತಪ್ಪು ಪುಡೀದಲ್ಲ."

"ಸರಾಸರಿ ಅಂದ್ರ ಮನಿಯ ನಾಲ್ಕೂ ಜನರ ಕೂದಲಾ ಕೂಡಿಸಿ ಅರದು ತಗದದ್ದು, ಸರ."

"ಮತ್ತ? ಮನಿ ಅಂದ್ರ ಒಂದು ಘಟಕ. ಹನ್ನೊಂದು ಲಕ್ಷ ಮನಿ, ಒಬ್ಬೊಬ್ಬರದು ಬ್ಯಾರೆ ಬ್ಯಾರೆ ಸುಟಗೋತ ಕೂತ್ರ ನಮ್ಮ ಮೊಮ್ಮಕ್ಕಳು ಫಲಿತಾಂಶ ನೋಡಬೇಕಾಗ್ತದ." ಅವರು ಕಡತ ಮುಚ್ಚಿದರು. "ಗುರುವಾರ ಸಮಿತಿ ಬರ್ತದ. ಮುಂದಿನ ಹಂತದಾಗ ಇಡೀ ರಾಜ್ಯ. ಹೆಣ್ಣುಮಕ್ಕಳಿಗೂ ಮುಟ್ಟಲಿ ಅಂತ ಪುಡೀ ಪ್ರಮಾಣ ದುಪ್ಪಟ್ಟು ಮಾಡೂಣು ಅಂತ ಬರದೇನಿ. ನಿಮ್ಮದೊಂದು ಸಹಿ ಬೇಕು."

ಕುಮುದಿನಿ ಕಡತವನ್ನು ಓದಿ ಸಹಿ ಮಾಡುತ್ತೇನೆಂದು ಎತ್ತಿಕೊಂಡು ಬಂದಳು.

ಅತ್ತ ಮನೆಯಲ್ಲಿ ಬೆಳ್ಳುಳ್ಳಿಗಿಂತ ದೊಡ್ಡ ಹಗರಣವೊಂದು ನಡೆದುಹೋಗಿತ್ತು. ಮಾಳಮಡ್ಡಿಯ ಅರ್ಧ ಮನೆಗಳ ಶ್ರಾದ್ಧದ ತಿಥಿಗಳು ತುಂಗಾಬಾಯಿಯ ನಾಲಿಗೆಯ ತುದಿಯಲ್ಲಿದ್ದವು. ಯಾರ ಅಜ್ಜ ಯಾವ ಮಾಸ, ಯಾವ ಪಕ್ಷ, ಯಾವ ತಿಥಿಗೆ ಹೋದರು ಎಂದು ಪುಣೆಯಿಂದ ಫೋನು ಬಂದರೂ ರೊಟ್ಟಿ ಬಡಿಯುತ್ತಲೇ ಹೇಳುತ್ತಿದ್ದರು. ಆ ತುಂಗಾಬಾಯಿ ಹಿಂದಿನ ಓಣಿಯ ಕಟ್ಟಿಯವರಿಗೆ ಅವರ ಮುತ್ತಜ್ಜಿಯ ದ್ವಾದಶಿಯನ್ನು ದಶಮಿ ಎಂದು ಹೇಳಿಬಿಟ್ಟಿದ್ದರು. ಕಟ್ಟಿಯವರು ನಂಬಿ ದಶಮಿಯಂದೇ ವಡೆ ಕರಿದು ಪಿಂಡ ಇಟ್ಟರು. ಮುತ್ತಜ್ಜಿ ಎರಡು ದಿನ ಬಿಟ್ಟು ತನ್ನ ದ್ವಾದಶಿಗೆ ಬಂದು ಬರಿ ಎಲೆ ನೋಡಿ ಹೋದಳೋ ಏನೋ, ಕಟ್ಟಿಯವರ ಹಿರಿಯ ಸೊಸೆ ಮನೆಯ ತನಕ ಬಂದು ಹೇಳಬೇಕಾದ್ದನ್ನು ಹೇಳಿ ಹೋದಳು.

"ವಯಸ್ಸಾತು," ಎಂದ ವಾದಿರಾಜ.

"ತಲಿ ಕೆಟ್ಟದ," ಎಂದರು ಭೀಮರಾಯರು. "ತಲಿ ಕೆಟ್ಟಾಕಿ ಬಳ್ಳೊಳ್ಳಿ ತಿಂದ್ರ ಆಶ್ಚರ್ಯ ಏನದ?"

ಆ ಸಂಜೆ ತುಂಗಾಬಾಯಿ ಬಾಚಣಿಕೆ ಹಿಡಿದು ಸೊಸೆಯ ಬಳಿ ಬಂದರು. ಬೆರಳು ಜೋಮು ಹಿಡಿದಂತೆ ಆಗುತ್ತವೆ, ಜಡೆಗೆ ಹಿಡಿತ ಸಿಗುವುದಿಲ್ಲ ಎಂದರು. ಕುಮುದಿನಿ ಬಾಚತೊಡಗಿದಳು. ಬಾಚಣಿಕೆಯ ತುಂಬ ಕೂದಲು ಬಂತು. ಅತ್ತೆಯ ಕೈ ನೋಡಿದಳು: ಉಗುರುಗಳ ಮೇಲೆ ಬಿಳಿ ಗೆರೆ, ಎರಡು ಉಗುರು ಹಪ್ಪಳದ ಹಾಗೆ ಮುರಿದಿದ್ದವು. ಅಷ್ಟರಲ್ಲಿ ತುಂಗಾಬಾಯಿ ತಿರುಗಿ, "ಕುಮುದಾ, ನೀನರೆ ನಂಬತೀ ಇಲ್ಲ? ನಾ ತಿಂದಿಲ್ಲವಾ," ಎಂದರು. ಉಸಿರು ನೇರವಾಗಿ ಮುಖಕ್ಕೆ ಬಡಿಯಿತು.

ಕೂದಲು, ಉಗುರು, ಬೆರಳಿನ ಜೋಮು, ಮರೆವು, ಉಸಿರು. ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಬೋರ್ಡಿನ ಮೇಲೆ ಇದೇ ಸಾಲನ್ನು ಬರೆಯುತ್ತಿದ್ದಳು. ಸೆಲೆನಿಯಂ ದೇಹದಲ್ಲಿ ಮಿತಿಮೀರಿದಾಗ ದೇಹ ಅದನ್ನು ಉಸಿರಿನ ಜೊತೆ ಹೊರಗೆ ನೂಕುತ್ತದೆ. ಆ ಉಸಿರಿಗೆ ಬೆಳ್ಳುಳ್ಳಿಯ ವಾಸನೆ ಇರುತ್ತದೆ.

"ನಂಬತೇನಿ ಅತ್ಯಾ," ಎಂದಳು. ಬಾಚಣಿಕೆಯ ಕೂದಲನ್ನು ಉಂಡೆ ಮಾಡಿ ಸೆರಗಿಗೆ ಕಟ್ಟಿಕೊಂಡಳು. ಅಂದಿನಿಂದ ನೀಲಿ ಪುಡಿಕೆ ಬೇಡ, ಒಲೆಯ ಹತ್ತಿರ ತರಲೂ ಬೇಡ ಎಂದಳು. ಯಾಕೆ ಎಂದು ಅತ್ತೆ ಕೇಳಲಿಲ್ಲ. ಮನೆಯಲ್ಲಿ ಒಬ್ಬರಾದರೂ ನಂಬಿದ್ದು ಅವರಿಗೆ ಅಂದಿನ ಮಟ್ಟಿಗೆ ಸಾಕಾಗಿತ್ತು.

ಮರುದಿನ ಶಕೀಲಾ ಆ ಕೂದಲಿನ ಒಂದೆಳೆಯನ್ನು ಬೇರೆಯಾಗಿ, ಯಾರದರ ಜೊತೆಗೂ ಅರೆಯದೆ, ಯಂತ್ರಕ್ಕೆ ಕೊಟ್ಟಳು. ಪರದೆಯ ಮೇಲೆ ಗೆರೆ ಮೂಡತೊಡಗಿತು. ತುದಿಯ ಕಡೆಯ ಒಂದು ವರ್ಷ ನೆಲ ಹಿಡಿದು ಹರಿದಾಡಿತು. ಮೂರು ವರ್ಷದ ಹಿಂದಿನ ಯುಗಾದಿಯ ಹೊತ್ತಿಗೆ ಎದ್ದು ನಿಂತಿತು. ಆಮೇಲೆ ಇಳಿಯಲೇ ಇಲ್ಲ.

"ಯಾ ಅಲ್ಲಾ," ಎಂದಳು ಶಕೀಲಾ. "ಇದು ಒಬ್ಬಾಕಿ ಪಾಲಿಂದಲ್ರಿ ಮೇಡಮ್ಮಾರ. ಮೂರು ಮಂದೀದು. ಮತ್ತ ಇದೇನ್ರಿ ಇಲ್ಲಿ ತೆಗ್ಗು? ಐದು ಮಿಲಿಮೀಟರಿಗೆ ಒಂದು, ತಪ್ಪದಂಗ ಬರಾಕತ್ತಾವ."

ಐದು ಮಿಲಿಮೀಟರು ಎಂದರೆ ಹದಿನೈದು ದಿನ. ಕುಮುದಿನಿ ಪಂಚಾಂಗ ತರಿಸಿ ಇಟ್ಟು ನೋಡಿದಳು. ಪ್ರತಿ ತೆಗ್ಗೂ ಏಕಾದಶಿಯ ಮೇಲೆ ಕೂತಿತ್ತು. ಏಕಾದಶಿಗೆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಸಾರಿಲ್ಲ. ಅಂದರೆ ವಿಷ ನೀರಿನದಲ್ಲ, ಗಾಳಿಯದಲ್ಲ, ವಯಸ್ಸಿನದಂತೂ ಅಲ್ಲ. ಸಾರಿನದು.

"ಒಂದ ಪಾತ್ರಿ ಸಾರು," ಎಂದಳು. "ನಾನೂ ಉಂಡೇನಿ, ನಮ್ಮನಿಯವರೂ ಉಂಡಾರ, ಮಾವನೋರೂ ಉಂಡಾರ. ನಮಗ್ಯಾಕ ಏನೂ ಆಗಿಲ್ಲ?"

ಶಕೀಲಾ ಅವಳನ್ನು ಒಂದು ಗಳಿಗೆ ನೋಡಿದಳು. ದೊಡ್ಡವರ ಪ್ರಶ್ನೆಗೆ ಸಣ್ಣ ಉತ್ತರ ಗೊತ್ತಿದ್ದವರು ನೋಡುವ ಹಾಗೆ. "ನಿಮ್ಮತ್ತಿ ಯಾವಾಗ ಉಣತಾರ್ರಿ?"

"ಯಾವಾಗ ಅಂದ್ರ... ಎಲ್ಲಾರದೂ ಆದಮ್ಯಾಲೆ."

"ನೀವು ನೋಡೀರೇನು?"

ಕುಮುದಿನಿ ನೋಡಿರಲಿಲ್ಲ. ಅವಳ ಊಟ ಡಬ್ಬಿಯಲ್ಲಿ ಕೇಂದ್ರಕ್ಕೆ ಬರುತ್ತಿತ್ತು. ರವಿವಾರ ಗಂಡಸರ ಜೊತೆಗೇ ಅವಳನ್ನೂ ಕೂರಿಸಿ ಬಡಿಸುತ್ತಿದ್ದರು, ಡಾಕ್ಟರು ಸೊಸೆ ಎಂದು.

"ನಮ್ಮ ಅಮ್ಮಿದೂ ಕೂದಲ ಉದುರಾಕತ್ತೈತ್ರಿ," ಎಂದಳು ಶಕೀಲಾ. ದನಿ ಬದಲಾಗಿತ್ತು. "ಮೊನ್ನಿ ಕೀಲಿ ಒಳಗ ಬಿಟ್ಟು ಬಾಗಲಾ ಹಾಕಿದ್ಲು, ನಾ ಬಯ್ದೆ. ವಾಸನಿ ನಮಗೆಲ್ಲಿಂದ ಗೊತ್ತಾಗಬೇಕ್ರಿ? ನಮ್ಮನ್ಯಾಗ ಬಳ್ಳೊಳ್ಳಿ ಇಲ್ಲದ ದಿನಾ ಯಾವುದೈತಿ?"

ಹನ್ನೊಂದು ಲಕ್ಷ ಮನೆಗಳಲ್ಲಿ ಬೆಳ್ಳುಳ್ಳಿ ತಿನ್ನದ ಮನೆಗಳೆಷ್ಟು? ಬೆರಳೆಣಿಕೆ. ಉಳಿದ ಕಡೆ ಒಗ್ಗರಣೆಯ ಹಿಂದೆ ಆ ಉಸಿರು ಅಡಗಿ ಕೂತಿತ್ತು. ಅಡಗದ ಒಂದು ಮನೆಯಲ್ಲಿ ಮನೆಯವರೆಲ್ಲ ಕೂಡಿ ಮುದುಕಿಯನ್ನು ಕಳ್ಳಿ ಮಾಡಿದ್ದರು.

ಕುಮುದಿನಿ ಅಂದು ಮಧ್ಯಾಹ್ನವೇ ಮನೆಗೆ ಹೋದಳು. ಊಟದ ಹೊತ್ತು. ಭೀಮರಾಯರು ಎಲೆಯ ಮುಂದೆ ಕೂತಿದ್ದರು. "ತಿಳಿ ಹಾಕು, ತಿಳಿ. ಸೌಟು ತಳಕ್ಕ ಮುಟ್ಟಸಬ್ಯಾಡ. ಕಲಕಬ್ಯಾಡ ಅಂತ ಎಷ್ಟು ಸಲ ಹೇಳಬೇಕು?" ಎನ್ನುತ್ತಿದ್ದರು. ತುಂಗಾಬಾಯಿ ಪಾತ್ರೆಯ ಮೇಲಿನ ತಿಳಿಯನ್ನು ತಾಯಿ ಕೂಸನ್ನು ಎತ್ತುವಷ್ಟು ನಾಜೂಕಾಗಿ ಎತ್ತಿ ಬಡಿಸಿದರು. ವಾದಿರಾಜ ಬ್ಯಾಂಕಿನಿಂದ ಬಂದು ಉಂಡು ಹೋದ. ಅವನಿಗೂ ತಿಳಿ. ಎರಡೂವರೆಗೆ ತುಂಗಾಬಾಯಿ ಅಡುಗೆಮನೆಯ ನೆಲದ ಮೇಲೆ ಕೂತರು. ತಟ್ಟೆ ತೆಗೆದುಕೊಳ್ಳಲಿಲ್ಲ. ಉಳಿದ ಅನ್ನವನ್ನು ಸಾರಿನ ಪಾತ್ರೆಗೇ ಸುರಿದು, ತಳದ ಗಸಿಯ ಜೊತೆ ಕಲಸಿ, ಅಂಚಿಗೆ ಹತ್ತಿದ್ದನ್ನೂ ಅನ್ನದಿಂದ ಒರೆಸಿ, ಒಂದು ಕಾಳೂ ಹಾಳಾಗದಂತೆ ಉಂಡರು. ಪಾತ್ರೆ ತೊಳೆದಷ್ಟು ಸ್ವಚ್ಛವಾಯಿತು.

ಬಾಗಿಲಲ್ಲಿ ನಿಂತಿದ್ದ ಕುಮುದಿನಿಗೆ ಎಲ್ಲ ತಿಳಿಯಿತು. ಮೇಣ ಹೊದ್ದ ಕಣಗಳು ಕರಗುವುದಿಲ್ಲ. ಕೇಂದ್ರದ ಪರೀಕ್ಷೆಯ ಪಾತ್ರೆಯಲ್ಲಿ ಕಡೆಗೋಲಿನಂಥ ಯಂತ್ರ ಹಗಲಿಡೀ ತಿರುಗುತ್ತಿತ್ತು. ಮೂರು ವರ್ಷದಲ್ಲಿ ಅಲ್ಲಿಯ ಸಾರು ಒಂದು ನಿಮಿಷವೂ ಸುಮ್ಮನೆ ಕೂತಿರಲಿಲ್ಲ. ಮನೆಯ ಸಾರು ಕೂರುತ್ತದೆ. ಗಂಡಸರಿಗಾಗಿ ಕಾಯುತ್ತದೆ. ಕಾದಷ್ಟು ಹೊತ್ತೂ ಪುಡಿ ಕೆಳಗಿಳಿಯುತ್ತದೆ. ತಿಳಿ ಮೊದಲು ಉಣ್ಣುವವರಿಗೆ, ತಳ ಕೊನೆಗೆ ಉಣ್ಣುವವಳಿಗೆ. ಆ ಹೆಂಗಸರು ಜನ್ಮದಲ್ಲಿ ಮೊದಲ ಬಾರಿ ಮನೆಯ ಎಲ್ಲರಿಗಿಂತ ದೊಡ್ಡ ಪಾಲು ಪಡೆದಿದ್ದರು. ಅದು ವಿಷದ ಪಾಲು. ಗುರುವಾರದಿಂದ ಅದು ದುಪ್ಪಟ್ಟಾಗುವುದಿತ್ತು.

ಸಮೀಕ್ಷೆಯ ನಮೂನೆಯಲ್ಲಿ ಅರವತ್ತನಾಲ್ಕು ಪ್ರಶ್ನೆಗಳಿದ್ದವು. ಬೇಳೆ ಯಾವುದು, ಉಪ್ಪು ಯಾವುದು, ಪಾತ್ರೆ ಅಲ್ಯುಮಿನಿಯಮ್ಮೋ ಸ್ಟೀಲೋ, ನೀರು ನಳದ್ದೋ ಬೋರಿನದೋ. ಮೊದಲು ಯಾರು ಉಣ್ಣುತ್ತಾರೆ, ಕೊನೆಗೆ ಯಾರು ಎಂಬ ಪ್ರಶ್ನೆ ಇರಲಿಲ್ಲ. ಆ ನಮೂನೆಯನ್ನು ಬರೆದವಳು ಕುಮುದಿನಿಯೇ. ಸಿಟ್ಟು ಯಾರ ಮೇಲೆ ಮಾಡಬೇಕೆಂದು ಹುಡುಕುತ್ತಿದ್ದವಳಿಗೆ ಮೊದಲ ವಿಳಾಸ ತನ್ನದೇ ಸಿಕ್ಕಿತು.

ಬುಧವಾರದ ತನಕ ಅವಳೂ ಶಕೀಲಾಳೂ ಕಪಾಟಿನಲ್ಲಿ ಲಕೋಟೆಗಳಲ್ಲಿ ಉಳಿದಿದ್ದ ಹೆಂಗಸರ ಕೂದಲನ್ನು ಒಂದೊಂದಾಗಿ ಓದಿಸಿದರು. ನಾಲ್ಕು ನೂರಾ ಹನ್ನೆರಡು ಎಳೆ. ಅವುಗಳಲ್ಲಿ ಮುನ್ನೂರಾ ತೊಂಬತ್ತರ ಗೆರೆ ಎದ್ದು ನಿಂತಿತ್ತು. ಶಕೀಲಾಳ ತಾಯಿಯದೂ ಒಂದು. ಏಳದ ಇಪ್ಪತ್ತೆರಡರಲ್ಲಿ ಹೆಚ್ಚಿನವರು ಒಂಟಿಯಾಗಿ ಬದುಕುವ, ಒಂದು ಪುಡಿಕೆಯನ್ನು ನಾಲ್ಕು ದಿನಕ್ಕೆ ಹಂಚಿ ಹಾಕುವ ವಿಧವೆಯರು. ತಿಳಿಯೂ ತಮಗೇ, ತಳವೂ ತಮಗೇ ಆದವರು.

ಗುರುವಾರ ಸಮಿತಿ ಬಂತು. ಸಭೆ ಕೇಶಲೇಖಿ ಇದ್ದ ಪ್ರಯೋಗಾಲಯದಲ್ಲೇ. ಅಧ್ಯಕ್ಷರು ಶಿವನಂಜಪ್ಪ, ಬೆಂಗಳೂರಿನಿಂದ ಬಂದ ನಿವೃತ್ತ ಅಧಿಕಾರಿ. ಜೊತೆಗೆ ಆರು ಜನ, ಆರೂ ಗಂಡಸರು. ಹವಾಲ್ದಾರರು ಸರಾಸರಿಯ ಚಂದ ವರ್ಣಿಸಿ ಕೂತ ಮೇಲೆ ಕುಮುದಿನಿ ಸಹಿ ಮಾಡದ ಕಡತವನ್ನು ಅವರ ಮುಂದಿಟ್ಟು ಎದ್ದಳು. ಶಕೀಲಾ ಸಾರಿನ ಪಾತ್ರೆಯನ್ನು ತಂದು ಮೇಜಿನ ಮೇಲಿಟ್ಟಳು. ಕೇಂದ್ರದ ಕರಪತ್ರದಲ್ಲಿ ಬರೆದಿದ್ದಂತೆಯೇ ಮಾಡಿದ ಸಾರು, ಒಂದೇ ಒಂದು ನೀಲಿ ಪುಡಿಕೆ ಹಾಕಿದ್ದು, ಇಳಿಸಿ ಮುಕ್ಕಾಲು ತಾಸಾಗಿತ್ತು.

"ಏನಮ್ಮಾ ಇದು, ಮೀಟಿಂಗಿಗೆ ಮುಂಚೇನೇ ಊಟಾನಾ?" ಎಂದರು ಶಿವನಂಜಪ್ಪ, ಸಂತೋಷದಿಂದಲೇ.

"ಬರೇ ಬಡಸತೇನ್ರಿ. ಮನ್ಯಾಗ ಬಡಿಸೂಹಂಗ."

ಕಲಕದೆ, ಸೌಟು ತಳ ಮುಟ್ಟದಂತೆ ಮೂರು ಬಟ್ಟಲು ತುಂಬಿದಳು. ತಳದ್ದನ್ನು ಬಳಿದು ನಾಲ್ಕನೆಯದಕ್ಕೆ ಹಾಕಿದಳು. ಪ್ರತಿ ಬಟ್ಟಲಿನಿಂದ ಒಂದೊಂದು ಹನಿಯನ್ನು ಶಕೀಲಾ ಕಾಗದದ ಮೇಲೆ ಒಣಗಿಸಿ ಕೇಶಲೇಖಿಗೆ ಕೊಟ್ಟಳು. ಗೋಡೆಯ ಪರದೆಯ ಮೇಲೆ ನಾಲ್ಕು ಕಂಬ ಮೂಡಿದವು. ಮೂರು ಕಂಬ ಮೊಣಕಾಲುದ್ದ ಬೆಳೆದು ನಿಂತವು. ನಾಲ್ಕನೆಯದು ಪರದೆಯ ಮೇಲಂಚನ್ನು ಮುಟ್ಟಿತು.

"ಇದು ಸಮಾಜಶಾಸ್ತ್ರ," ಎಂದರು ಹವಾಲ್ದಾರ. "ಯಾರು ಮೊದಲು ಉಣ್ಣಬೇಕು, ಯಾರು ಆಮ್ಯಾಲೆ ಉಣ್ಣಬೇಕು ಅನ್ನೂದು ವಿಜ್ಞಾನದ ವಿಷಯ ಅಲ್ಲ, ಕುಮುದಿನಿಯವರ."

"ಹೊಟ್ಟಿಗೆ ಹೋದಮ್ಯಾಲೆ ಆಗ್ತದ್ರಿ, ಸರ." ಅವಳು ನಾಲ್ಕನೆಯ ಬಟ್ಟಲನ್ನು ಅವರ ಮುಂದೆ ಇಟ್ಟಳು. "ಊಟದ ಹೊತ್ತಾಗ್ಯದ. ತಗೋರಿ."

ಯಾರೋ ನಕ್ಕರು. ನಗೆ ಅರ್ಧಕ್ಕೆ ನಿಂತಿತು.

"ಒಂದು ಬಟ್ಲು ಕುಡಿದ್ರೆ ಏನಾಗತ್ತಮ್ಮಾ?" ಎಂದು ಶಿವನಂಜಪ್ಪ ಕೇಳಿದರು.

"ಏನೂ ಆಗೂದಿಲ್ರಿ. ಒಂದು ದಿನದ್ದು ಒಂದು ಬಟ್ಟಲಾ. ನನ್ನ ಅತ್ತಿ ಸಾವಿರ ಬಟ್ಟಲಾ ಉಂಡಾರ, ಇನ್ನೂ ಜೀವಂತ ಇದ್ದಾರ. ಹೆದರಬ್ಯಾಡ್ರಿ."

ಹವಾಲ್ದಾರ ಬಟ್ಟಲನ್ನು ನೋಡಿದರು. ಸಾರಿನ ಮೇಲೆ ಕೊತ್ತಂಬರಿ ಎಲೆಯೊಂದು ತೇಲುತ್ತಿತ್ತು. "ನಾ ಮಧ್ಯಾಹ್ನ ಸಾರು ಉಣ್ಣೂದಿಲ್ಲ," ಎಂದರು. "ಆ್ಯಸಿಡಿಟಿ."

"ನಿಮ್ಮನ್ಯಾಗ ತಳಾ ಯಾರ ಉಣತಾರ್ರಿ ಸರ?" ಇದು ಯಂತ್ರದ ಬಳಿ ನಿಂತಿದ್ದ ಶಕೀಲಾ.

"ಅದು ಪರ್ಸನಲ್ ವಿಷಯ."

"ನಿಮ್ಮ ಮನಿಯ ಬಾಯಾರ ತಲಿಗೂದಲ ಉದುರಾಕತ್ತಾವೇನ್ರಿ?"

ಹವಾಲ್ದಾರರ ಮುಖದಲ್ಲಿ ಏನೋ ಬಂದು ಹೋಯಿತು. ಕೂದಲು ಉದುರುತ್ತಿದ್ದಿರಬೇಕು. ಆಮೇಲೆ ಅವರು ನಿರ್ದೇಶಕರ ಮುಖವನ್ನು ಮತ್ತೆ ಹಾಕಿಕೊಂಡು, ತಾಂತ್ರಿಕ ಸಿಬ್ಬಂದಿ ಸಭೆಯಲ್ಲಿ ಮಾತಾಡುವ ಪದ್ಧತಿ ಇಲ್ಲ ಎಂದರು. ಸಾರು ಆರಿತು. ಎಂಟು ಗಂಡಸರಲ್ಲಿ ಒಬ್ಬರೂ ಬಟ್ಟಲನ್ನು ಮುಟ್ಟಲಿಲ್ಲ. ಅವರಲ್ಲಿ ಮೂವರು ಆ ಪುಡಿ ಸಂಪೂರ್ಣ ಸುರಕ್ಷಿತವೆಂದು ಬೆಳಿಗ್ಗೆಯಷ್ಟೇ ಸಹಿ ಮಾಡಿದ್ದವರು.

ಹದಿನೈದು ದಿನಕ್ಕೆ ಸುತ್ತೋಲೆ ಬಂತು. ಪ್ರಮಾಣ ದುಪ್ಪಟ್ಟು ಮಾಡುವ ವಿಚಾರವನ್ನು ಸದ್ಯಕ್ಕೆ ಕೈಬಿಡಲಾಗಿತ್ತು. ಪುಡಿಯನ್ನು ಕೈಬಿಟ್ಟಿರಲಿಲ್ಲ. ಬದಲಿಗೆ ಬಣ್ಣದ ಕರಪತ್ರವೊಂದು: ತಲೆತುಂಬ ಕೂದಲಿದ್ದ ಹೆಂಗಸೊಬ್ಬಳು ನಗುತ್ತ ಪಾತ್ರೆಯಲ್ಲಿ ಸೌಟು ತಿರುಗಿಸುತ್ತಿದ್ದಳು. ಕೆಳಗೆ, 'ಗೃಹಿಣಿಯರು ಪ್ರತಿ ಸಲ ಬಡಿಸುವ ಮುನ್ನ ಸಾರನ್ನು ಚೆನ್ನಾಗಿ ಕಲಕತಕ್ಕದ್ದು. ಕಲಕದಿರುವುದರಿಂದ ಉಂಟಾಗುವ ತೊಂದರೆಗೆ ಕೇಂದ್ರ ಹೊಣೆಯಲ್ಲ.' ಅದರ ಕೆಳಗೆ, ವೈಜ್ಞಾನಿಕ ಸಲಹೆ: ಡಾ. ಕುಮುದಿನಿ ಮಳಗ.

"ನಿಮ್ಮ ಹೆಸರಿನ ಕಡೀ ಅಕ್ಷರಕ್ಕ ಗುಣಸು ಸುದ್ದಾ ಹಾಕಿಲ್ರಿ, ಮಳಗಿ ಹೋಗಿ ಮಳಗ ಆಗೇತಿ," ಎಂದಳು ಶಕೀಲಾ.

"ಗುಣಸು ಹಾಳಾಗಿ ಹೋಗಲಿ!" ಕುಮುದಿನಿ ಕರಪತ್ರವನ್ನು ಮೇಜಿಗೆ ಅಪ್ಪಳಿಸಿದಳು. ಹತ್ತೊಂಬತ್ತು ವರ್ಷದಲ್ಲಿ ಆ ಪ್ರಯೋಗಾಲಯ ಅವಳ ಅಂಥ ದನಿಯನ್ನು ಕೇಳಿರಲಿಲ್ಲ. "ಪುಡಿ ಮಾಡಿದವರು ಇವರು. ಲೆಕ್ಕಾ ಹಾಕಿದವರು ಇವರು. 'ಕಲಕಬ್ಯಾಡ' ಅಂತ ಎಲಿ ಮುಂದ ಕೂತು ಒದರವ್ರೂ ಇವರ. ತಪ್ಪು ಮಾತ್ರ ಸೌಟು ಹಿಡದಾಕಿದು! ವಿಷಾ ಉಂಡಾಕಿದು!"

ಯೋಜನೆಯ ಒಪ್ಪಿಗೆ ಪತ್ರದಲ್ಲಿ ಹನ್ನೊಂದನೆಯ ಕಲಮಿತ್ತು: ಕೂದಲು ಕೊಟ್ಟವರಿಗೆ ತಮ್ಮ ಕೂದಲಿನ ವರದಿಯನ್ನು ಪಡೆಯುವ ಹಕ್ಕಿದೆ. ಮೂರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಕೂದಲನ್ನು ಹೆಂಗಸರೂ ಕೊಟ್ಟಿದ್ದರು. ಪತ್ರ ಓದಿ ಸಹಿ ಮಾಡಿದವರು ಮನೆಯ ಯಜಮಾನರು. ಕುಮುದಿನಿ ಕೂತು ಪತ್ರ ಬರೆದಳು. ಒಂದೇ ಒಕ್ಕಣೆ, ಪ್ರತಿಯೊಂದಕ್ಕೂ ಆ ಹೆಂಗಸಿನ ಹೆಸರು, ಆಕೆಯ ಕೂದಲಿನ ಗೆರೆ.

'ನಿಮ್ಮ ಕೂದಲು ಹೇಳುವುದು ಇದು. ನೀವು ಎಲ್ಲರ ನಂತರ ಉಣ್ಣುತ್ತೀರಿ. ಸಾರಿನ ತಳ ನಿಮ್ಮ ಪಾಲಿಗೆ ಬರುತ್ತದೆ. ಪುಡಿ ತಳದಲ್ಲಿ ಕೂರುತ್ತದೆ. ನಿಮ್ಮ ಮರೆವು ವಯಸ್ಸಿನಿಂದ ಬಂದದ್ದಲ್ಲ, ನಿಮ್ಮ ತಪ್ಪಿನಿಂದ ಬಂದದ್ದಲ್ಲ. ನೀಲಿ ಪುಡಿಕೆಯನ್ನು ಇಂದೇ ಬಿಟ್ಟುಬಿಡಿ.'

"ಟಪಾಲಿಗೆ ಹಾಕಿದ್ರ ಗಂಡಸರು ಲಕೋಟಿ ಒಡೀತಾರ್ರಿ," ಎಂದಳು ಶಕೀಲಾ. "ಕೂದಲಾ ತರಾಕ ಮನಿಮನಿಗೆ ಹೋಗ್ತಿದ್ರಲ್ರಿ ನಮ್ಮ ಸಮೀಕ್ಷಾದ ಹೆಣ್ಣಮಕ್ಕಳು, ಅವರ ಕೈಯಾಗ ಕೊಡೂಣು. ಮಧ್ಯಾಹ್ನ ಎರಡೂವರಿಗೆ ಹೋಗ್ರಿ ಅಂತ ಹೇಳ್ತೇನಿ. ಆ ಹೊತ್ತಿಗೆ ಎಲ್ಲಾ ಮನ್ಯಾಗೂ ಹೆಂಗಸ್ರು ಒಬ್ಬರಽ ಪಾತ್ರಿ ಮುಂದ ಕುಂತಿರತಾರ."

ಗೆರೆ ಎದ್ದವರಿಗೆ ಮುನ್ನೂರಾ ತೊಂಬತ್ತು ಪತ್ರಗಳು ಹೋದವು. ಅವು ಎಷ್ಟಾದವೋ ಯಾರೂ ಎಣಿಸಲಿಲ್ಲ. ಒಬ್ಬಳು ಓದಿ ಪಕ್ಕದವಳಿಗೆ ಕೊಟ್ಟಳು, ಅವಳು ಫೋಟೋ ಹೊಡೆದು ತವರಿಗೆ ಕಳಿಸಿದಳು, ತವರಿನವರು ಹಿಟ್ಟಿನ ಗಿರಣಿಯ ಸರತಿಯಲ್ಲಿ ಗಟ್ಟಿಯಾಗಿ ಓದಿದರು. ಸವದತ್ತಿಯ ಕಡೆಯ ಒಬ್ಬಾಕೆ ಓಣಿಯವರನ್ನು ಕೂಡಿಸಿ ತನ್ನ ಗಂಡನಿಗೆ ಎಂಟು ದಿನ ತಳವನ್ನೇ ಬಡಿಸಿದಳಂತೆ. ಒಂಬತ್ತನೆಯ ದಿನ ಅವನೇ ಪುಡಿಕೆಗಳನ್ನು ತಿಪ್ಪೆಗೆ ಒಗೆದನಂತೆ. ತಿಂಗಳಾಗುವಷ್ಟರಲ್ಲಿ ರೇಷನ್ ಅಂಗಡಿಗಳಲ್ಲಿ ನೀಲಿ ಪುಡಿಕೆಗಳು ಕೇಳುವವರಿಲ್ಲದೆ ಬಿದ್ದವು. ಯೋಜನೆಯನ್ನು 'ಸರಬರಾಜಿನ ಅಡಚಣೆಯಿಂದ' ತಾತ್ಕಾಲಿಕವಾಗಿ ನಿಲ್ಲಿಸಲಾಗಿದೆ ಎಂದು ಪ್ರಕಟಣೆ ಬಂತು. ಸರಬರಾಜು ಗೋದಾಮಿನ ತುಂಬ ಇತ್ತು. ಕುಮುದಿನಿಗೂ ಒಂದು ನೋಟಿಸು ಬಂತು: ಗೋಪ್ಯ ಮಾಹಿತಿಯನ್ನು ಹೊರಗೆ ಹಾಕಿದ್ದಕ್ಕೆ ನಿಮ್ಮ ಮೇಲೆ ಕ್ರಮ ಏಕೆ ತೆಗೆದುಕೊಳ್ಳಬಾರದು? ಒಬ್ಬಳ ಕೂದಲಿನ ವರದಿ ಅವಳಿಂದಲೇ ಗೋಪ್ಯವಾಗಿರಬೇಕಾದ್ದು ಹೇಗೆ ಎಂದು ಅವಳು ನಾಲ್ಕು ಪುಟ ಉತ್ತರ ಬರೆದು ಕಳಿಸಿದಳು.

ಮನೆಯಲ್ಲಿ ವಾಸನೆ ಹೋಗಿತ್ತು. ಭೀಮರಾಯರು ಅದನ್ನು ಕಂಡುಹಿಡಿದ ಕೀರ್ತಿಯನ್ನು ಮಾತ್ರ ಇಟ್ಟುಕೊಂಡು, ಆರೋಪವನ್ನು ಮರೆತಿದ್ದರು. ತುಂಗಾಬಾಯಿಯ ತಿಥಿಗಳು ಒಂದೊಂದಾಗಿ ಮರಳಿದವು: ಕಟ್ಟಿಯವರದು, ಗಲಗಲಿಯವರದು, ಪುಣೆಯವರದು. ಎಲ್ಲವೂ ಬರಲಿಲ್ಲ. ತಮ್ಮ ತಾಯಿಯ ತಿಥಿ ಯಾವುದೆಂದು ಒಂದು ಬೆಳಿಗ್ಗೆ ಅವರು ಕೈಯಲ್ಲಿ ಹಿಟ್ಟು ಹಿಡಿದು ಬಹಳ ಹೊತ್ತು ನಿಂತಿದ್ದರು. ಹೇಳಬಲ್ಲವರು ಯಾರೂ ಬದುಕಿರಲಿಲ್ಲ. ಊರಿಗೆಲ್ಲ ಹೇಳುತ್ತಿದ್ದವರು ಅವರೇ.

ಅವರ ಪತ್ರ ಕುಮುದಿನಿಯ ಚೀಲದಲ್ಲೇ ಉಳಿದಿತ್ತು. ಉಳಿದವರಿಗೆಲ್ಲ ಬೇರೆಯವರ ಕೈಯಲ್ಲಿ ಕಳಿಸಿದ್ದವಳಿಗೆ ಇದನ್ನು ತಾನೇ ಕೊಡಬೇಕಿತ್ತು, ಧೈರ್ಯ ಬಂದಿರಲಿಲ್ಲ. ಒಂದು ರವಿವಾರ ಎರಡೂವರೆಗೆ ಅಡುಗೆಮನೆಗೆ ಹೋಗಿ ಕೊಟ್ಟಳು.

ತುಂಗಾಬಾಯಿ ಎಡಗೈಯಿಂದ ಕನ್ನಡಕ ಏರಿಸಿಕೊಂಡು, ತುಟಿ ಅಲ್ಲಾಡಿಸುತ್ತ ಮೊದಲಿಂದ ಕೊನೆಯ ತನಕ ಓದಿದರು. ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಮತ್ತೆ ಮೊದಲಿಗೆ ಹೋದರು.

"'ನೀವು ಎಲ್ಲರ ನಂತರ ಉಣ್ಣುತ್ತೀರಿ,'" ಎಂದು ಗಟ್ಟಿಯಾಗಿ ಓದಿದರು. "ಇದನ್ನ ಮಶೀನ್ ಹೇಳ್ತೇನು?"

"ಹೌದು, ಅತ್ಯಾ."

"ಎಷ್ಟು ದೊಡ್ಡದದ ಮಶೀನು?"

"ಈ ಅಡಗೀಮನಿಯಷ್ಟು."

ತುಂಗಾಬಾಯಿ ಪತ್ರವನ್ನು ಮಡಚಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಕುಮುದಿನಿಗೆ ಹಗುರಾಗುತ್ತಿತ್ತು.

"ಇಪ್ಪತ್ತೊಂದು ವರ್ಷ ಆತು ನೀ ಈ ಮನಿಗೆ ಬಂದು," ಎಂದರು. "ನನ್ನ ಕೇಳಿದ್ರ ಹೇಳ್ತಿದ್ದೆನಲ್ಲವಾ."

ನೋಟಿಸಿಗೆ ನಾಲ್ಕು ಪುಟ ಬರೆದವಳು ಎರಡು ತಟ್ಟೆ ತಂದು ಅತ್ತೆಯ ಎದುರು ನೆಲದ ಮೇಲೆ ಕೂತಳು.